ತವರಿಗೆ ಒಂದು ಹಿಡಿ

ಗೇಟ್ ಕೊಪ್ಪಲು,
ಅಕ್ಕಿಹೆಬ್ಬಾಳು ಅಂಚೆ
2 ಏಪ್ರಿಲ್ 2023, ಭಾನುವಾರ

ಚಲುವಿ,

ನಿನ್ನ ಫೋಟೋ ಇರುವ ಕರಪತ್ರದ ಕಟ್ಟೊಂದನ್ನು ಮೈಕಿನ ಆಟೋದವನು ಮೊನ್ನೆ ನಮ್ಮ ಡೇರಿಯ ಜಗಲಿಯ ಮೇಲೆ ಎಸೆದು ಹೋದ. ಹೆಂಗಸರಿಗೆ ಹಾಲಿನ ಪಾತ್ರೆ ಮುಚ್ಚಲು ಒಳ್ಳೆಯ ಕಾಗದ ಸಿಕ್ಕಿತು. ಇವತ್ತು ಬೆಳಿಗ್ಗೆ ಸಾಲಿನಲ್ಲಿದ್ದ ಹದಿನೆಂಟು ಪಾತ್ರೆಗಳ ಮೇಲೂ ನೀನೇ ಕೈಮುಗಿದು ನಗುತ್ತಿದ್ದೆ. 'ನಿಮ್ಮ ಮನೆಮಗಳು ಚಲುವಮ್ಮ ರಂಗಸ್ವಾಮಿ' ಎಂದು ಕೆಳಗೆ ಅಚ್ಚಾಗಿತ್ತು. ಒಂದೊಂದೇ ಕಾಗದ ತೆಗೆದು ಹಾಲು ಅಳೆಯುತ್ತ ಬಂದೆ. ಕೊನೆಯ ಪಾತ್ರೆಯದನ್ನು ಮಾತ್ರ ಮಡಚಿ ಇಟ್ಟುಕೊಂಡಿದ್ದೇನೆ. ಹಾಲಿನ ಆವಿ ಹಿಡಿದು ನಿನ್ನ ಗಲ್ಲದ ಹತ್ತಿರ ಸ್ವಲ್ಪ ಉಬ್ಬಿದೆ.

ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನು ಮಾಡಿದರೆ ಯಾರೋ ಗಂಡಸರು ಎತ್ತಿ ಯಾವೂರು, ಏನು ಕೆಲಸ ಎಂದು ಕೇಳುತ್ತಾರೆ. ಎರಡಕ್ಕೂ ನನ್ನ ಹತ್ತಿರ ಸರಿಯಾದ ಉತ್ತರವಿಲ್ಲ. ಊರು ನಿನ್ನದೇ. ಎಂ.ಎ. ಮುಗಿಸಿ ಹಾಸ್ಟೆಲಿನ ಟ್ರಂಕು ಕಟ್ಟುವಾಗ, ನಮ್ಮೂರಿನಲ್ಲಿ ಒಬ್ಬ ಒಳ್ಳೆಯವನಿದ್ದಾನೆ ಕಣೇ ಎಂದು ಹೇಳಿ ನನ್ನನ್ನು ಈ ಕೊಪ್ಪಲಿಗೆ ಸೊಸೆಯಾಗಿ ತಂದವಳು ನೀನು. ತಂದವಳು ಮರುವರ್ಷವೇ ಮದುವೆಯಾಗಿ ಬಾಬುರಾಯನಕೊಪ್ಪಲಿಗೆ ಹೋದೆ. ನಿನ್ನ ಊರನ್ನು ಇಪ್ಪತ್ತಮೂರು ವರ್ಷದಿಂದ ನಾನು ಇಟ್ಟುಕೊಂಡಿದ್ದೇನೆ.

ಆ ಒಳ್ಳೆಯವನು ತೀರಿಹೋಗಿ ಈ ಮೇ ತಿಂಗಳಿಗೆ ಎರಡು ವರ್ಷ. ಆ ಕೊರೋನಾ ಕಾಲದಲ್ಲಿ ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ಅದಕ್ಕಾಗಿ ನಿನ್ನ ಮೇಲೆ ಬೇಸರವಿಲ್ಲ.

ಬೇಸರ ಯಾವುದಕ್ಕೆ ಎಂದು ನಿನಗೆ ಗೊತ್ತು. ನೀನು ಜಿಲ್ಲಾ ಪಂಚಾಯ್ತಿಗೆ ನಿಂತಾಗ ಇಲ್ಲಿನ ಎಪ್ಪತ್ತು ಮನೆಗೂ ನಿನ್ನ ಜೊತೆ ಬಂದೆ. ಕೈಮುಗಿದವಳು ನೀನು, ಮಾತಾಡಿದವಳು ನಾನು. ಬೆಳಿಗ್ಗೆ ಏಳಕ್ಕೆ ಕೊಪ್ಪಲಿನಿಂದ ಕೆ.ಆರ್. ಪೇಟೆಗೆ ಬಸ್ಸು ಬರುತ್ತದೆ, ನಮ್ಮ ಹೆಣ್ಣುಮಕ್ಕಳು ಅದರಲ್ಲಿ ಕಾಲೇಜಿಗೆ ಹೋಗುತ್ತಾರೆ, ಇದು ನನ್ನ ಮಾತು ಎಂದೆ. ಅವಳ ಮಾತು ಎನ್ನಲಿಲ್ಲ. ಬಸ್ಸು ಬಂತು, ಮೂರು ತಿಂಗಳು ಓಡಿತು, ನಿಂತಿತು. ಅಣ್ಣಮ್ಮಜ್ಜಿಯ ಮೊಮ್ಮಗಳು ಸ್ನೇಹ ಮೊದಲನೇ ಪಿಯುಸಿಗೆ ಸೇರಿದ್ದಳು. ಆಮೇಲೆ ಮನೆಯಲ್ಲಿ ಉಳಿದಳು. ವರ್ಷ ಕಳೆದ ಮೇಲೆ ನಾಗಮಂಗಲದ ಕಡೆಗೆ ಕೊಟ್ಟರು. ಈಗ ಎರಡು ಮಕ್ಕಳು. 'ನಿನ್ನ ಗೆಳತಿ ಬಸ್ಸು ಎಲ್ ಕೆಟ್ಟು ನಿಂತದೆ ಕಣವ್ವ?' ಎಂದು ಅಜ್ಜಿ ಇವತ್ತಿಗೂ ಹಾಲು ಹಾಕುವಾಗ ಕೇಳುತ್ತದೆ. ಕೇಳುವುದು ನನ್ನನ್ನು.

ಬಸ್ಸು ನಿಂತ ಮೇಲೆ, ಅಕ್ಟೋಬರಿನಲ್ಲಿ, ನೀನು ಬರುತ್ತೀಯ ಎಂದು ಕೇಳಿ ನಾವು ಹನ್ನೆರಡು ಹೆಂಗಸರು ರೈಲ್ವೆ ಗೇಟಿನ ಈಚೆ ನಿಂತಿದ್ದೆವು. ಗೇಟು ಹಾಕಿತ್ತು. ಆಚೆ ನಿನ್ನ ಬಿಳಿ ಕಾರು ಬಂದು ನಿಂತಿತು. ರೈಲು ಬಂತು. ಒಂದೊಂದೇ ಬೋಗಿ ದಾಟಿ, ಗೇಟು ಮೇಲಕ್ಕೆ ಎದ್ದಾಗ ಆಚೆ ಖಾಲಿ ರಸ್ತೆ ಇತ್ತು, ಮೇಲೆ ಸ್ವಲ್ಪ ಧೂಳು. ಚಲುವಿ, ಆ ದಿನ ನೀನು ನನ್ನನ್ನು ನೋಡಿದೆಯಾ? ರೈಲು ಬರುವ ಮುಂಚೆ?

ಈಗ ವಿಧಾನಸಭೆಗೆ ನಿಂತಿದ್ದೀಯ, ಓಟು ಕೇಳಬೇಡ. ಕಳೆದ ಎರಡು ಸಲವೂ 'ಇವರಲ್ಲಿ ಯಾರೂ ಅಲ್ಲ' ಎನ್ನುವ ಕೊನೆಯ ಗುಂಡಿಯನ್ನೇ ಒತ್ತಿ ಬಂದಿದ್ದೇನೆ, ಈ ಸಲವೂ ಅದನ್ನೇ. ನನಗೆ ಈಗ ಕವಿತೆಯ ಮೇಲೆ ಇರುವಷ್ಟು ನಂಬಿಕೆ ಮತದ ಮೇಲಿಲ್ಲ. ಕವಿತೆಯ ವಿಷಯ ಬಂತಲ್ಲ: ಮೈಸೂರಿನ ಫುಟ್‌ಪಾತಿನಲ್ಲಿ ಇಬ್ಬರೂ ಅರ್ಧರ್ಧ ಹಾಕಿ ಕೊಂಡ ಆ ಹಳೆಯ ಸಂಕಲನ, ಆರು ತಿಂಗಳು ನಿನಗೆ ಆರು ತಿಂಗಳು ನನಗೆ ಎಂದು ಮಾತಾಗಿತ್ತಲ್ಲ, ಅದು ನಿನ್ನ ಹತ್ತಿರವೇ ಇದೆ. ಅದರ ನೂರಾ ಹನ್ನೊಂದನೇ ಪುಟ ನೆನಪಿಗೆ ಬರುತ್ತಿಲ್ಲ. ಮೊದಲ ಸಾಲು ಸಿಗುತ್ತದೆ, ಮುಂದಕ್ಕೆ ದಾರಿ ಇಲ್ಲ.

ಹಾಲಿನ ಗಾಡಿ ಬರುವ ಹೊತ್ತಾಯಿತು.

ನಿನ್ನ,
ರಂಜಿ


ಚುನಾವಣಾ ಕಾರ್ಯಾಲಯ,
ಬಾಬುರಾಯನಕೊಪ್ಪಲು
17 ಏಪ್ರಿಲ್ 2023

ಮಾನ್ಯ ಶ್ರೀಮತಿ ರಂಜಿತ ಅವರಿಗೆ,

ನಮಸ್ಕಾರಗಳು. ತಮ್ಮ ಮನವಿ ಪತ್ರವು ಕಾರ್ಯಾಲಯಕ್ಕೆ ತಲುಪಿರುತ್ತದೆ. ತಮ್ಮ ಗ್ರಾಮದ ರೈಲ್ವೆ ಗೇಟಿನ ಸಮಸ್ಯೆಯನ್ನು ಅಕ್ಕನವರ ಗಮನಕ್ಕೆ ತರಲಾಗುವುದು. ಗೆದ್ದ ಕೂಡಲೇ ಕೆಳಸೇತುವೆ ಮಾಡಿಸಿಕೊಡುವುದಾಗಿ ಈ ಮೂಲಕ ಭರವಸೆ ನೀಡಲಾಗಿದೆ.

ಇದೇ 29ರ ಶನಿವಾರ ಸಂತೆಬಾಚಹಳ್ಳಿಯ ಸಂತೆ ಮೈದಾನದಲ್ಲಿ ಬೃಹತ್ ಪ್ರಚಾರ ಸಭೆ ಇರುತ್ತದೆ. ಅಕ್ಕನವರನ್ನು ಹೊರಗಿನವರು ಎಂದು ವಿರೋಧಿಗಳು ಅಪಪ್ರಚಾರ ಮಾಡುತ್ತಿರುವುದರಿಂದ, ಪ್ರತಿ ಗ್ರಾಮದ ತಾಯಂದಿರು ತವರಿನ ಮಗಳಿಗೆ ಮಡಿಲಕ್ಕಿ ತುಂಬಿ ಆಶೀರ್ವದಿಸುವ ಕಾರ್ಯಕ್ರಮ ಇಟ್ಟುಕೊಳ್ಳಲಾಗಿದೆ. ತಾವು ಡೇರಿ ಕಾರ್ಯದರ್ಶಿಗಳಾಗಿರುವುದರಿಂದ ಕನಿಷ್ಠ ನಲವತ್ತು ಜನ ಮಹಿಳೆಯರನ್ನು ಕರೆತರಬೇಕಾಗಿ ವಿನಂತಿ. ಮಧ್ಯಾಹ್ನ ಎರಡಕ್ಕೆ ಡೇರಿ ಮುಂದೆ ಗಾಡಿ ಬರುತ್ತದೆ. ಊಟ ಇರುತ್ತದೆ.

ಇಂತಿ,
ಅಪ್ಪು
ಕಾರ್ಯಾಲಯದ ಉಸ್ತುವಾರಿ


ಗೇಟ್ ಕೊಪ್ಪಲು
28 ಏಪ್ರಿಲ್ 2023

ಚಲುವಿ,

ಈ ಚೀಟಿ ಅಂಚೆಯಲ್ಲಿ ಬರುತ್ತಿಲ್ಲ. ನಾಳೆ ನಿನ್ನ ಮಡಿಲಿಗೆ ಹಾಕುವ ಅಕ್ಕಿಯೊಳಗೆ ಇಡುತ್ತಿದ್ದೇನೆ. ಅಂಚೆಯ ಕಾಗದವನ್ನು ಯಾರು ಬೇಕಾದರೂ ಒಡೆಯುತ್ತಾರೆ. ಮಡಿಲಕ್ಕಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಹೆಣ್ಣುಮಗಳು ಗಂಡನ ಮನೆಗೆ ಹೋಗಿ, ತಾನೇ ಗಂಟು ಬಿಚ್ಚಿ, ತಾನೇ ಅನ್ನಕ್ಕಿಟ್ಟು ಮನೆಯವರಿಗೆ ಬಡಿಸುವುದು. ಹೊರಡುವ ಮುಂಚೆ ಅದರಲ್ಲಿ ಒಂದು ಹಿಡಿ ತೆಗೆದು ತವರಿನ ಅಕ್ಕಿ ಮಡಕೆಗೆ ತಿರುಗಿಸುತ್ತಾಳಲ್ಲ, ತವರು ಬರಿದಾಗದಿರಲಿ ಎಂದು, ಅದನ್ನೆಲ್ಲ ನೀನು ಸ್ಟೇಜಿನ ಮೇಲೆ ಮಾಡಲಾಗುವುದಿಲ್ಲ. ಬಿಡು.

ನನ್ನ ಸಮಸ್ಯೆ ಕೆಳಸೇತುವೆಯದಲ್ಲ. ಆ ದಿನ ಗೇಟಿನ ಈಚೆ ನಿಂತಿದ್ದ ನನ್ನನ್ನು ನೋಡಿದೆಯಾ ಇಲ್ಲವಾ, ಅಷ್ಟೇ ಹೇಳು. ನೋಡಲಿಲ್ಲ ಎಂದರೆ ನಂಬುತ್ತೇನೆ. ನೋಡಿದೆ ಎಂದರೂ ತಡೆದುಕೊಳ್ಳುತ್ತೇನೆ. ಗೊತ್ತಿಲ್ಲದೆ ಇರುವುದು ಆಗುತ್ತಿಲ್ಲ.

ಬೆಲ್ಲದಚ್ಚು ನಮ್ಮ ಗದ್ದೆಯ ಕಬ್ಬಿನದು. ರವಿಕೆ ಕಣ ಹಸಿರು, ನಿನಗೆ ಆಗುವ ಬಣ್ಣ. ಈಗಲೂ ಆಗುತ್ತದೆ ಎಂದುಕೊಂಡಿದ್ದೇನೆ.

ರಂಜಿ


ಗೇಟ್ ಕೊಪ್ಪಲು
30 ಏಪ್ರಿಲ್ 2023, ಭಾನುವಾರ

ಚಲುವಿ,

ಇದನ್ನು ಡೇರಿಯ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಕಳಿಸುವ ಉದ್ದೇಶವಿಲ್ಲ. ಕಳಿಸಿದರೆ ಅಪ್ಪು ಎಂಬವರು ಓದಿ ನಿನ್ನ ಗಮನಕ್ಕೆ ತರುತ್ತಾರೆ.

ನಿನ್ನೆ ನಿನ್ನ ಸಭೆಗೆ ಬಂದಿದ್ದೆ. ನಲವತ್ತು ಜನರನ್ನು ಕರೆಯಲಿಲ್ಲ, ಕರೆಯದೆಯೇ ಇಪ್ಪತ್ತಾರು ಜನ ಹೊರಟರು. ಎರಡಕ್ಕೆ ಸರಿಯಾಗಿ ಟೆಂಪೋ ಬಂದು ಡೇರಿಯ ಮುಂದೆ ನಿಂತಿತು. ಅಣ್ಣಮ್ಮಜ್ಜಿ ಸೆರಗು ಸಿಕ್ಕಿಸಿಕೊಂಡು ಮೊದಲು ಹತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿತು: 'ಬಸ್ ಕೊಡಕ್ಕಾಗ್ದೋರು ಭಾಷ್ಣ ಕೇಳಕ್ಕೆ ಗಾಡಿ ಕಳ್ಸವ್ರೆ. ಅತ್ಕೊಳ್ರವ್ವ, ಇದೂ ಓದ್ರೆ ಏನೂ ಇಲ್ಲ.'

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಡಿಲಲ್ಲಿ ಗಂಟು ಇತ್ತು.

ಮೈದಾನದಲ್ಲಿ ಸಂತೆಗಿಂತ ಹೆಚ್ಚು ಜನವಿತ್ತು, ಸಂತೆಯಷ್ಟು ಲವಲವಿಕೆ ಇರಲಿಲ್ಲ. ಸಂತೆಗೆ ಬಂದವರಿಗೆ ಏನು ಕೊಳ್ಳಬೇಕೆಂದು ಗೊತ್ತಿರುತ್ತದೆ. ಇಲ್ಲಿ ಎಲ್ಲರೂ ಕುರ್ಚಿಯ ಮೇಲೆ ಕೂತು, ಯಾರಾದರೂ ಬಂದು ಹೇಳಲಿ ಎಂದು ಕಾಯುತ್ತಿದ್ದರು. ನನ್ನ ಪಕ್ಕದ ಸಾಲಿನಲ್ಲಿದ್ದ ಮುದುಕ, ಮರಿಯಯ್ಯ ಎಂದು ಅವರನ್ನು ಯಾರೋ ಕೂಗಿದರು, ಹಿಂದಿನ ವಾರ ಇನ್ನೊಂದು ಪಕ್ಷದವರು ಕೊಟ್ಟ ಟವಲನ್ನು ಮಡಿಚಿ ಕುರ್ಚಿಗೆ ಹಾಸಿಕೊಂಡು, ಈ ಪಕ್ಷದವರು ಕೊಟ್ಟದ್ದನ್ನು ತಲೆಗೆ ಸುತ್ತಿಕೊಂಡಿದ್ದರು. ಯಾರಿಗೆ ಹಾಕುತ್ತೀರಿ ಎಂದು ಅಜ್ಜಿ ಕೇಳಿದರೆ, ಬಿಸಿಲಿಗೆ ಒಂದು ಬೆವರಿಗೆ ಒಂದು ಎಂದರು.

ನೀನು ನಾಲ್ಕೂವರೆಗೆ ಬಂದೆ. ಕ್ರೇನಿನಲ್ಲಿ ಕೊಬ್ಬರಿ ಹಾರ ತೂಗಿಸಿ ತಂದರು, ಎರಡಾಳು ಎತ್ತರದ್ದು. ಅದನ್ನು ನಿನ್ನ ಕೊರಳಿಗೆ ಮುಟ್ಟಿಸಿದಾಗ ನೀನು ಪೂರ್ತಿ ಮರೆಯಾದೆ. ಕೊಬ್ಬರಿಯ ಮಧ್ಯದಿಂದ ಎರಡು ಕೈ ಮಾತ್ರ ಹೊರಗೆ ಬಂದು ಮುಗಿದುಕೊಂಡವು. ಆ ಕೈಗಳ ಗುರುತು ನನಗೆ ಸಿಕ್ಕಿತು. ಹಾಸ್ಟೆಲಿನಲ್ಲಿ ಚಳಿಗೆ ನನ್ನ ಸ್ವೆಟರಿನ ತೋಳಿನೊಳಗೆ ತೂರಿಸುತ್ತಿದ್ದ ಕೈಗಳು.

ಆಮೇಲೆ ಮೈಕಿನವರು, ಮುತ್ತೈದೆಯರು ಮಾತ್ರ ಮಡಿಲಕ್ಕಿ ಹಿಡಿದು ಸಾಲಾಗಿ ಮುಂದೆ ಬರಬೇಕು ಎಂದು ಕೂಗಿದರು. ಮೂರು ಸಲ ಕೂಗಿದರು. ಅದು ನನ್ನ ತಲೆಗೆ ಬಂದೇ ಇರಲಿಲ್ಲ ನೋಡು. ಮನೆಯಲ್ಲಿ ಅಕ್ಕಿ ಹಸನು ಮಾಡುವಾಗಲೂ, ಚೀಟಿ ಮಡಚುವಾಗಲೂ, ನಾನು ತುಂಬಬಾರದವಳು ಎಂಬುದು ನೆನಪಾಗಲಿಲ್ಲ. ನಿನ್ನ ವಿಷಯದಲ್ಲಿ ನನಗೆ ಇನ್ನೂ ಇಪ್ಪತ್ತೆರಡೇ ವರ್ಷ. ಗಂಟನ್ನು ಕಾಲ ಬಳಿ ಇಟ್ಟು ಕೂತೆ.

ಅಣ್ಣಮ್ಮಜ್ಜಿ ನನ್ನ ಕಡೆ ತಿರುಗಿತು.

'ಯಾಕ್ ಕುಂತೆ? ಏಳು.'

ಕೂಗಿದ್ದು ಕೇಳಲಿಲ್ಲವಾ ಅಜ್ಜಿ ಎಂದೆ.

'ಕೇಳ್ತು. ಅಕ್ಕಿಗೆ ಕುಂಕ್ಮ ಬೇಕಂತೆ. ನಾಳಿಕ್ಕೆ ಓಟ್ ಕೇಳುವಾಗ ನಮ್ ಗುಂಡಿ ಒತ್ತೋ ಬೆರಳ್ಗೆ ಮಾತ್ರ ಕುಂಕ್ಮ ಬ್ಯಾಡ್ವಾ? ಓಗು ಅಂತೀನಿ, ನಾನ್ ನೋಡ್ಕತೀನಿ ಯಾವನ್ ತಡೀತಾನೆ ಅಂತ.'

ಹೋದೆ. ನನ್ನ ಮುಂದೆ ಮೂವತ್ತು ಜನ, ಹಿಂದೆ ಎಷ್ಟೋ. ನೀನು ಸೆರಗನ್ನು ಎರಡೂ ಕೈಯಲ್ಲಿ ಚಾಚಿ ನಿಂತಿದ್ದೆ. ಹತ್ತಿರದಿಂದ ನೋಡಿದರೆ ದಣಿದಿದ್ದೀಯ. ಕೂದಲಿಗೆ ಬಣ್ಣ ಹಾಕಿದ್ದೀಯ, ಬೈತಲೆಯ ಬುಡದಲ್ಲಿ ಬಿಳಿ ಹಣಕುತ್ತಿತ್ತು. ಊರೂರಿನ ದೇವಸ್ಥಾನದ ದಾರ ಕಟ್ಟಿ ಕಟ್ಟಿ ಮಣಿಕಟ್ಟು ಬಾತಿತ್ತು. ಗಂಟನ್ನು ನಿನ್ನ ಸೆರಗಿನಲ್ಲಿ ಇಟ್ಟೆ. ನೀನು ಮುಖ ಎತ್ತಿದೆ.

'ಚೆನ್ನಾಗಿದ್ದೀರಾ ಅಕ್ಕಾ?'

ಆ ಮಾತು ನಿನ್ನ ಬಾಯಿಂದ ಬರಲಿಲ್ಲ. ನಿನ್ನ ಕೊರಳ ಹತ್ತಿರ ಸಿಕ್ಕಿಸಿದ್ದ ಮೈಕಿನಿಂದ ಹೋಗಿ, ಮೈದಾನದ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಬಂತು. ನನ್ನ ಮುಂದಿನವಳಿಗೂ ಅದನ್ನೇ ಕೇಳಿದ್ದೆ, ನನ್ನ ಹಿಂದಿನವಳಿಗೂ ಅದನ್ನೇ ಕೇಳಿದೆ. ಹೌದು ಎಂದೆ. ನನ್ನ ದನಿಗೆ ಮೈಕು ಇರಲಿಲ್ಲ. ಹಿಂದಿನವರು ತಳ್ಳಿದರು, ಇಳಿದು ಬಂದೆ.

ವೇದಿಕೆಯ ಹಿಂದೆ ಹೋದಾಗ ಉಳಿದದ್ದು ಕಂಡಿತು. ನಿನ್ನ ಸೆರಗು ತುಂಬಿದ ಹಾಗೆಲ್ಲ ಕಪ್ಪು ಕನ್ನಡಕದ ಹುಡುಗರು ಅದನ್ನು ಬಾಚಿ ತಂದು, ಕಾಯಿ ಒಂದು ಕಡೆ, ಬಳೆ ಒಂದು ಕಡೆ, ಅಕ್ಕಿಯನ್ನು ಗೊಬ್ಬರದ ಚೀಲಕ್ಕೆ ಸುರಿಯುತ್ತಿದ್ದರು. ಅಡುಗೆಯ ಜವರಯ್ಯ ಎಂಬವರು ಚೀಲದ ಬಾಯಿ ಕಟ್ಟುತ್ತಿದ್ದರು. ಇದೆಲ್ಲ ಎಲ್ಲಿಗೆ ಎಂದು ಕೇಳಿದೆ. ನಾಳೆಯ ಸಭೆಯ ಊಟಕ್ಕೆ ಕಣಕ್ಕ, ಇವತ್ತೊಂದೇ ದಿನಕ್ಕೆ ಆರು ಚೀಲ ಆಯಿತು ಎಂದು ಸಂತೋಷವಾಗಿ ಹೇಳಿದರು. ಅದರಲ್ಲಿ ಒಂದು ಕಾಗದವಿದೆ ಎಂದು ಹೇಳಲು ಬಾಯಿ ತೆರೆದೆ. ಏನೆಂದು ಹೇಳುವುದು? ಹಸಿರು ಕಣದ ಗಂಟು ಎಲ್ಲೂ ಕಾಣಲಿಲ್ಲ. ಬಿಚ್ಚಿ ಸುರಿದಿದ್ದರು ಎಂದುಕೊಂಡೆ.

ಮಡಿಲಕ್ಕಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ ಎಂದು ನಂಬಿ ಅದರೊಳಗೆ ಕಾಗದ ಇಟ್ಟವಳು ಇಡೀ ಮೈದಾನದಲ್ಲಿ ನಾನೊಬ್ಬಳೇ ಇರಬೇಕು.

ಕೊನೆಗೆ ನೀನು ಭಾಷಣ ಮಾಡಿದೆ. ಚೆನ್ನಾಗಿ ಮಾತಾಡುತ್ತೀಯ ಈಗ. ಮೊದಲು ನಾನು ಮಾತಾಡಬೇಕಿತ್ತು. ಪ್ರತಿ ಕೊಪ್ಪಲಿಗೂ ಬೆಳಗಿನ ಬಸ್ಸು, ನಮ್ಮ ಹೆಣ್ಣುಮಕ್ಕಳು ಕಾಲೇಜು ಬಿಡಬಾರದು ಎಂದೆ. ಜನ ಚಪ್ಪಾಳೆ ತಟ್ಟಿದರು. ಅಜ್ಜಿ ನನ್ನ ಕಿವಿಯ ಹತ್ತಿರ ಬಗ್ಗಿ, 'ಅದೇ ಬಸ್ಸು ಕಣವ್ವ. ಏಳೊರ್ಸದಿಂದ ಬತ್ತಾನೇ ಅದೆ' ಎಂದಿತು.

ಇವತ್ತು ಯಾವುದೋ ಊರಿನ ನೂರು ಜನ ನನ್ನ ಪ್ರಶ್ನೆಯನ್ನು ಸಾರಿನ ಜೊತೆ ಕಲಸಿಕೊಂಡು ಉಣ್ಣುತ್ತಾರೆ. ನಗು ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ.

ರಂಜಿ


ಗೇಟ್ ಕೊಪ್ಪಲು
11 ಮೇ 2023, ಗುರುವಾರ

ಚಲುವಿ,

ಚುನಾವಣೆ ಮುಗಿಯಿತು. ಇನ್ನು ನಿನ್ನ ಮನೆಯಲ್ಲಿ ಕಾಗದ ಒಡೆಯುವವರು ಕಡಿಮೆಯಾಗಿರಬಹುದು. ಸಭೆಯ ಮರುದಿನ ಬರೆದಿಟ್ಟದ್ದನ್ನೂ ಇದರ ಜೊತೆ ಕಳಿಸುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಹಾಲಿನ ಗಾಡಿ ಕಳಿಸಿ, ಶಾಲೆಗೆ ಹೋಗಿ ಓಟು ಮಾಡಿದೆ. ರಟ್ಟಿನ ಮರೆಯ ಹಿಂದೆ ನಿಂತಾಗ ಮೊದಲ ಸಲ ನಾವಿಬ್ಬರೇ ಇದ್ದೆವು. ನಾಲ್ಕನೆಯ ಸಾಲಿನಲ್ಲಿ ನಿನ್ನ ಹೆಸರು, ಪಕ್ಕದಲ್ಲಿ ನಿನ್ನ ಫೋಟೋ, ಅಂಚೆ ಚೀಟಿಯಷ್ಟು. ಮೈಕು ಇರಲಿಲ್ಲ, ಹಾರ ಇರಲಿಲ್ಲ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಮೇಜಿನ ಹಿಂದಿನಿಂದ ಅಧಿಕಾರಿ, ಮೇಡಂ ಏನಾದರೂ ತೊಂದರೆನಾ ಎಂದು ಕೇಳಿದರು.

ನಿನ್ನ ಗುಂಡಿಯ ಮೇಲೆ ಬೆರಳು ಇಟ್ಟಿದ್ದೆ. ಒತ್ತಲಿಲ್ಲ. ಕೆಳಕ್ಕೆ ಇಳಿಸಿ ಕೊನೆಯದನ್ನು ಒತ್ತಿದೆ. ಬೇರೆ ಯಾರಾದರೂ ಆಗಿದ್ದರೆ ಹಾಕಿದ್ದೇನೆ ಎಂದು ಹೇಳಿಬಿಡುತ್ತಿದ್ದೆ, ಎಲ್ಲರೂ ಎಲ್ಲರಿಗೂ ಹಾಗೇ ಹೇಳುತ್ತಾರೆ. ನಿನಗೆ ಹೇಳಲಾರೆ. ನಿನಗೆ ಹಾಕಲಿಲ್ಲ, ಚಲುವಿ. ಮನೆಗೆ ಬಂದು, ಶಾಯಿಯ ಬೆರಳನ್ನು ನೋಡುತ್ತ ಹಿತ್ತಲಲ್ಲಿ ಕೂತಿದ್ದೆ. ನಿನಗೆ ಹಾಕಿದ್ದರೂ ಹೀಗೇ ಕೂತಿರುತ್ತಿದ್ದೆ.

ಉತ್ತರ ಬರೆಯಬೇಕೆಂದಿಲ್ಲ. ಆದರೂ ಪೋಸ್ಟ್‌ಮ್ಯಾನ್ ಸೈಕಲ್ಲು ಬಂದರೆ ಬಾಗಿಲಿಗೆ ಹೋಗುತ್ತೇನೆ.

ರಂಜಿ


ಬಾಬುರಾಯನಕೊಪ್ಪಲು
9 ಜೂನ್ 2023

ರಂಜಿ,

ನೋಡಿದೆ.

ಮೊದಲು ಅದನ್ನು ಬರೆದುಬಿಡಬೇಕು ಎಂದುಕೊಂಡು ಕೂತಿದ್ದೇನೆ. ಇಲ್ಲವಾದರೆ ಬೇರೆ ಏನೇನೋ ಬರೆಯುತ್ತೇನೆ. ನನಗೆ ಈಗ ಅದು ಅಭ್ಯಾಸವಾಗಿದೆ.

ನೀನು ನೀಲಿ ಸೀರೆ ಉಟ್ಟಿದ್ದೆ. ಡೇರಿಯಿಂದ ನೆಟ್ಟಗೆ ಬಂದಿದ್ದೆ ಅಂತ ಕಾಣುತ್ತೆ, ಕೈಯಲ್ಲಿ ಕ್ಯಾನಿನ ಮುಚ್ಚಳ ಹಾಗೇ ಇತ್ತು. ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದೆ. ರೈಲು ಬರುವ ಮುಂಚೆ ನೋಡಿದೆ, ರೈಲು ಬಂದ ಮೇಲೆ ತಿರುಗಿಸು ಎಂದು ಡ್ರೈವರಿಗೆ ಹೇಳಿದೆ. ಹೆಂಗಸರು ಬೈಯುತ್ತಾರೆ ಎಂಬ ಹೆದರಿಕೆ ಇರಲಿಲ್ಲ, ಬೈದರೆ ಬೈಸಿಕೊಳ್ಳುತ್ತಿದ್ದೆ. ನೀನು ಬೈಯುವುದಿಲ್ಲ ಎಂಬ ಹೆದರಿಕೆ. ಏನೂ ಕೇಳದೆ, ಆ ಹನ್ನೆರಡು ಜನರ ಮುಂದೆ ನನ್ನ ಪರವಾಗಿ ಏನಾದರೂ ಒಂದು ಮಾತು ಹೇಳಿಬಿಡುತ್ತಿದ್ದೆ ನೀನು. ಅದನ್ನು ಕೇಳಿಸಿಕೊಂಡು ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಯಾಕೆಂದರೆ ಬಸ್ಸು ತಾನಾಗಿ ನಿಲ್ಲಲಿಲ್ಲ. ನಮ್ಮ ಪಕ್ಷದ ಹಿರಿಯರೊಬ್ಬರು ಅದನ್ನು ತಮ್ಮ ಊರಿನ ದಾರಿಗೆ ಕೇಳಿದರು. ನನಗೆ ಸ್ಥಾಯಿ ಸಮಿತಿಯ ಅಧ್ಯಕ್ಷತೆ ಕೊಡಿಸುತ್ತೇನೆ ಎಂದರು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವಳು ನಾನೇ. ಕೊಡಿಸಿದರು ಕೂಡ, ಒಂದು ವರ್ಷಕ್ಕೆ.

ಸ್ನೇಹಳ ವಿಷಯ ನನಗೆ ನಿನ್ನ ಕಾಗದದಿಂದಲೇ ಗೊತ್ತಾಯಿತು. ಗೊತ್ತಿದ್ದರೆ ಏನಾದರೂ ಮಾಡುತ್ತಿದ್ದೆ ಎಂದು ಬರೆಯಲು ಹೋದೆ, ಹೊಡೆದುಹಾಕಿದ್ದೇನೆ.

ನಿನ್ನ ಗಂಟು ಚೀಲಕ್ಕೆ ಹೋಗಲಿಲ್ಲ, ರಂಜಿ. ನಾನು ನಾಲ್ಕನೆಯ ಸ್ಥಾನಕ್ಕೆ ಬಂದೆನಲ್ಲ, ಮರುದಿನದಿಂದ ಮನೆಯಲ್ಲಿ ಯಾರೂ ಇಲ್ಲ. ಮೊನ್ನೆ ಬಾವುಟ, ಶಾಲು ಎಲ್ಲ ಇಳಿಸೋಣ ಎಂದು ಕಾರಿನ ಡಿಕ್ಕಿ ತೆಗೆದೆ. ಮೂಲೆಯಲ್ಲಿ, ಸ್ಟೆಪ್ನಿಯ ಪಕ್ಕ, ಹಸಿರು ಕಣದ ಗಂಟು ಇತ್ತು. ಅಪ್ಪು ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದ, ಕೇಳಿದೆ. 'ಅದ್ ಬ್ಯಾಡ ಬುಡಕ್ಕ. ಕೊಟ್ಟ ಅಮ್ಮಂಗೆ ಯಜಮಾನ್ರು ಇಲ್ವಂತೆ, ಸಾಲಲ್ಲಿದ್ದೋರು ಅಂದ್ರು. ಚೀಲಕ್ಕಾಕ್ದೆ ಬ್ಯಾರೆ ಮಡ್ಗಿದ್ದೆ. ದಾರೀಲಿ ಎಸ್ಯಾಣ ಅಂತಿದ್ದೆ, ಮರ್ತೋಯ್ತು' ಎಂದ. ಅವನು ಒಳ್ಳೆಯ ಹುಡುಗ. ನನಗೆ ಕೆಟ್ಟದಾಗಬಾರದು ಎಂದೇ ಹಾಗೆ ಮಾಡಿದ.

ಆ ಇಪ್ಪತ್ತು ದಿನದಲ್ಲಿ ತೊಂಬತ್ತು ಊರಿನವರು ನನ್ನ ಮಡಿಲು ತುಂಬಿದರು. ಅದರಲ್ಲಿ ಒಂದು ಕಾಳೂ ನನ್ನ ಮನೆ ಸೇರಲಿಲ್ಲ. ಬಾರದು ಎಂದು ಬೇರೆ ಇಟ್ಟದ್ದೊಂದೇ ಬಂದು ಸೇರಿತು. ಡಿಕ್ಕಿಯ ಅಂಚಿನ ಮೇಲೆ ಕೂತು ಬಿಚ್ಚಿದೆ. ಬೆಲ್ಲಕ್ಕೆ ಇರುವೆ ಹತ್ತಿತ್ತು. ಚೀಟಿ ಹಾಗೇ ಇತ್ತು. ಆಮೇಲೆ ಒಳಗೆ ಹೋಗಿ, ಕಾರ್ಯಾಲಯ ಮಾಡಿದ್ದ ಕೋಣೆಯಲ್ಲಿ ಮನವಿಗಳ ರಾಶಿಯನ್ನು ನೆಲಕ್ಕೆ ಸುರಿದು ನಿನ್ನ ಮಿಕ್ಕ ಕಾಗದಗಳನ್ನು ಹುಡುಕಿದೆ. ಮೊದಲನೆಯದರ ಮೇಲೆ ಕೆಂಪು ಶಾಯಿಯಲ್ಲಿ 'ರೈಲ್ವೆ' ಎಂದು ಬರೆದಿದ್ದರು. ಕೊನೆಯದನ್ನು ಯಾರೂ ಒಡೆದೇ ಇರಲಿಲ್ಲ.

ಸ್ಟೇಜಿನ ಮೇಲೆ ನಿನ್ನ ಗುರುತು ಹಿಡಿದೆನೋ ಇಲ್ಲವೋ ಎಂದು ನೀನು ಕೇಳಿಲ್ಲ. ಹಿಡಿದೆ. ಮೈಕು ಇತ್ತು. ಮೈಕು ಇರಲಿಲ್ಲ ಎಂದಿದ್ದರೂ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅಕ್ಕಾ ಎಂದು ಬಾಯಿಗೆ ಬಂದದ್ದನ್ನು ಆಮೇಲೆ ಕಾರಿನಲ್ಲಿ ನೆನೆಸಿಕೊಂಡು, ಮುಂದಿನ ಊರಿನಲ್ಲಿ ಇಳಿಯಲು ಹತ್ತು ನಿಮಿಷ ತಡ ಮಾಡಿದೆ. ಅಷ್ಟೇ ನನ್ನಿಂದ ಆದದ್ದು.

ನಿನ್ನೆ ನಿನ್ನ ಅಕ್ಕಿಯ ಅನ್ನ ಮಾಡಿದೆ. ರಂಗಸ್ವಾಮಿ ಅವರಿಗೂ ಬಡಿಸಿದೆ. ಅಕ್ಕಿ ಯಾವುದು, ಚೆನ್ನಾಗಿದೆ ಎಂದರು. ತವರಿನದು ಎಂದೆ. ಅವರು ನನ್ನ ಮುಖ ನೋಡಿದರು. ಅಪ್ಪ ಅಮ್ಮ ಹೋದ ಮೇಲೆ ನಮ್ಮಣ್ಣ ಆ ಮನೆಯನ್ನು ಮಾರಿದ್ದು ಅವರಿಗೂ ಗೊತ್ತು. ಮನೆಮಗಳು ಎಂದು ತಾಲ್ಲೂಕಿಗೆಲ್ಲ ಅಚ್ಚು ಹಾಕಿಸಿದೆ, ಹೋಗಿ ಕಾಲು ತೊಳೆದುಕೊಳ್ಳಲು ಅಲ್ಲಿ ಒಂದು ಬಚ್ಚಲಿಲ್ಲ ನನಗೆ.

ಒಂದು ಹಿಡಿ ಉಳಿಸಿದ್ದೇನೆ. ಅದೇ ಹಸಿರು ಕಣದಲ್ಲಿ ಕಟ್ಟಿ ಪಾರ್ಸಲು ಮಾಡಿದ್ದೇನೆ. ತವರಿಗೆ ತಿರುಗಿಸಬೇಕಲ್ಲ. ನಿನಗೆ ಬಿಟ್ಟರೆ ಯಾರಿಗೆ ಕಳಿಸುವುದೆಂದು ತಿಳಿಯಲಿಲ್ಲ.

ಪುಸ್ತಕ ಕಳಿಸುತ್ತಿಲ್ಲ. ಅದೂ ಬಂದುಬಿಟ್ಟರೆ ನೀನು ನನ್ನಿಂದ ಕೇಳುವುದು ಏನೂ ಉಳಿಯುವುದಿಲ್ಲ. ನೂರಾ ಹನ್ನೊಂದನೇ ಪುಟ ಬೆಳಿಗ್ಗೆ ಓದಿದೆ.

ನಿನ್ನ,
ಚಲುವಿ


ಗೇಟ್ ಕೊಪ್ಪಲು
25 ಜೂನ್ 2023, ಭಾನುವಾರ

ಚಲುವಿ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮುಚ್ಚಳದ ವಿಷಯ ನನಗೇ ಮರೆತಿತ್ತು. ಓದಿದ ಕೂಡಲೇ ಡೇರಿಗೆ ಹೋಗಿ ಹಳೆಯ ಕ್ಯಾನುಗಳ ನಡುವೆ ಅದನ್ನು ಹುಡುಕಿದೆ. ಸಿಕ್ಕಿತು. ಅಂಚು ಸೊಟ್ಟಗಾಗಿದೆ. ಅಷ್ಟು ದೂರದಿಂದ, ರೈಲು ಬರುವ ಹೊತ್ತಿನಲ್ಲಿ, ನನ್ನ ಕೈಯಲ್ಲಿ ಏನಿತ್ತು ಎಂಬುದನ್ನೂ ನೋಡಿದ್ದೀಯ. ನೋಡಿಯೂ ಹೋದೆ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಹತ್ತು ದಿನ ಬೇಕಾಯಿತು. ಪೂರ್ತಿ ಕೂತಿಲ್ಲ ಇನ್ನೂ.

ಬಸ್ಸಿನ ವಿಷಯ ಬರೆದಿದ್ದೀಯಲ್ಲ, ಆ ಭಾಗವನ್ನು ಮಾತ್ರ ಮೊನ್ನೆ ಬೆಳಿಗ್ಗೆ ಸಾಲಿನಲ್ಲಿದ್ದವರಿಗೆ ಓದಿ ಹೇಳಿದೆ. ನಿನ್ನನ್ನು ಕೇಳದೆ ಓದಿದೆ. ಏಳು ವರ್ಷದ ಹಿಂದೆ ನನ್ನ ಮಾತು ಎಂದು ಹೇಳಿದವಳು ನಾನು, ಉಳಿದದ್ದನ್ನೂ ನಾನೇ ಹೇಳಬೇಕಿತ್ತು. ಪಾತ್ರೆಗಳು ಒಂದೊಂದಾಗಿ ಮುಂದಕ್ಕೆ ಬಂದವು. ಈಗ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದು ಆಗಿದೆಯಲ್ಲ, ಅದರ ಬಗ್ಗೆ ಯಾರೋ ಮಾತು ತೆಗೆದರು. 'ಟಿಕೀಟೂ ಇಲ್ಲ, ಬಸ್ಸೂ ಇಲ್ಲ. ನಮ್ ಕೊಪ್ಪಲ್ಗೆ ಸರಿಸಮ ಆಯ್ತು' ಎಂದಿತು ಅಣ್ಣಮ್ಮಜ್ಜಿ. ಎಲ್ಲರೂ ನಕ್ಕ ಮೇಲೆ, ಖಾಲಿ ಪಾತ್ರೆ ಕಂಕುಳಿಗೆ ಇಟ್ಟುಕೊಂಡು ನನ್ನ ಹತ್ತಿರ ಬಂತು.

'ಯಾವಾಗ್ ಬತ್ತಾಳಂತೆ?'

ಗೊತ್ತಿಲ್ಲ ಅಜ್ಜಿ ಎಂದೆ.

'ಬರ್ಲಿ. ನಮ್ ಸ್ನೇಹ ಆಸಾಡಕ್ಕೆ ಬಂದವ್ಳೆ. ಅವ್ಳ್ ಮುಂದೆ ಒಂದ್ಸಲ ನಿಂತ್ಕೊಂಡು ಓಗ್ಲಿ. ನಾವೇನ್ ತಿಂದಾಕ್ಬುಡಲ್ಲ.'

ಇದನ್ನು ನಿನಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ನಿನ್ನ ಪರವಾಗಿ ಏನೂ ಹೇಳುವುದಿಲ್ಲ, ಅದಕ್ಕೆ ಹೆದರಬೇಡ. ಬಂದರೆ ನೀನೇ ಮಾತಾಡಬೇಕು. ಈಗ ನಿನಗೆ ಬರುತ್ತದೆ.

ಪಾರ್ಸಲು ಬಂದಿದೆ. ಗಂಟು ಬಿಚ್ಚಿ ನೋಡಿದೆ, ನಿನ್ನ ಹಿಡಿ ಈಗಲೂ ಚಿಕ್ಕದೇ. ಮತ್ತೆ ಕಟ್ಟಿಟ್ಟೆ. ಅದನ್ನು ಮಡಕೆಗೆ ಹಾಕಿಲ್ಲ. ತವರಿಗೆ ತಿರುಗಿಸುವ ಅಕ್ಕಿಯನ್ನು ಮಗಳೇ ಒಳಗೆ ಬಂದು ತನ್ನ ಕೈಯಾರೆ ಹಾಕುವುದು, ಅಂಚೆಯವನು ತಂದದ್ದನ್ನು ನಾನು ಹೇಗೆ ಹಾಕಲಿ? ಮಡಕೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಹುಳ ಬೀಳದಿರಲಿ ಎಂದು ಎರಡು ಬೇವಿನೆಲೆ ಹಾಕಿದ್ದೇನೆ. ಅಷ್ಟಾದರೂ ಬಹಳ ದಿನ ಉಳಿಯುವುದಿಲ್ಲ.

ಬೆಳಗಿನ ರೈಲು ಏಳೂಕಾಲಿಗೆ ಗೇಟು ದಾಟುತ್ತದೆ. ಗೇಟು ಎದ್ದ ಮೇಲೆ ಆಚೆ ಯಾರಿದ್ದಾರೆ ಎಂದು ನೋಡಿಯೇ ನಾನು ಡೇರಿಯ ಬಾಗಿಲು ಹಾಕುವುದು.

ರಂಜಿ